ಅಜ್ಜನ ಮುಖದ ಮಗು

2023ರಲ್ಲಿ ನಾನು ಕುವೈತಿನ ಒಂದು ಆಸ್ಪತ್ರೆಯ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಅಂದರೆ ಎನ್‌ಐಸಿಯುನಲ್ಲಿ, ರಿಜಿಸ್ಟ್ರಾರ್ ಆಗಿದ್ದೆ. ರಿಜಿಸ್ಟ್ರಾರ್ ಎಂದರೆ ಕಡತ ಕಾಯುವವರಲ್ಲ, ಕನ್ಸಲ್ಟೆಂಟ್‌ಗೂ ಕಿರಿಯ ವೈದ್ಯರಿಗೂ ನಡುವಿನ ಹುದ್ದೆ. ಮಗುವಿನ ಪಕ್ಕ ನಿಂತು ಯಂತ್ರದ ಗುಂಡಿ ತಿರುಗಿಸುವವರೂ ನಾವೇ, ಹೊರಗೆ ಬಂದು ತಂದೆ ತಾಯಿಗೆ ವಿಷಯ ತಿಳಿಸುವವರೂ ನಾವೇ. ಎರಡನೆಯದು ನನಗೆ ಸಲೀಸು ಎಂದು ಘಟಕದಲ್ಲಿ ಎಲ್ಲರೂ ನಂಬಿದ್ದರು. ಮೈಸೂರಿನಲ್ಲಿ ಓದುವಾಗ ನನ್ನ ಅರ್ಧ ಕಾಲ ಚರ್ಚಾಸ್ಪರ್ಧೆಗಳಲ್ಲೇ ಕಳೆದಿತ್ತು. ಪರವೋ ವಿರೋಧವೋ, ಯಾವ ಪಕ್ಷ ಕೊಟ್ಟರೂ ಎದುರಿನವರ ಮಾತಿನಲ್ಲಿ ಬಿರುಕು ಹುಡುಕಿ ಬೆರಳಿಡುವುದು ಅಭ್ಯಾಸವಾಗಿಬಿಟ್ಟಿತ್ತು. ಹೆದರಿದ ಕುಟುಂಬಗಳ ಜೊತೆ ಮಾತಾಡುವಾಗ ಈ ಅಭ್ಯಾಸ ಉಪಯೋಗಕ್ಕೆ ಬರುತ್ತದೆ ಎಂದೇ ನಾನೂ ತಿಳಿದಿದ್ದೆ. ಕೆಲವೊಮ್ಮೆ ಬಂದದ್ದೂ ಉಂಟು.

ಆ ವರ್ಷ ಧೂಳಿನ ಬಿರುಗಾಳಿ ಏಳುವ ದಿನಗಳಲ್ಲಿ ನಗರದ ರಿಗ್ಗೈ ಬಡಾವಣೆಯ ಒಂದು ಕನ್ನಡ ಕುಟುಂಬದ ಗಂಡುಮಗು ನಮ್ಮಲ್ಲಿಗೆ ಬಂತು. ತಂದೆ ವೀರೇಶ್, ಇಳಕಲ್ಲಿನವರು, ತೈಲ ಕಂಪನಿಗಳಿಗೆ ಗುತ್ತಿಗೆ ಮಾಡುವ ಸಂಸ್ಥೆಯೊಂದರಲ್ಲಿ ಕಂಪ್ರೆಸರ್ ಟೆಕ್ನಿಷಿಯನ್. ತಾಯಿ ರೇಣುಕಾಗೆ ಇಪ್ಪತ್ತಮೂರು ವರ್ಷ, ಮೊದಲ ಹೆರಿಗೆ. ಮಗು ತಿಂಗಳು ತುಂಬಿಯೇ ಹುಟ್ಟಿತ್ತು, ತೂಕವೂ ಸರಿಯಾಗಿತ್ತು. ಆದರೆ ಉಸಿರು ಓಡುತ್ತಿತ್ತು, ಮತ್ತು ಮೈಮೇಲಿನ ಚರ್ಮ ಅದರ ಅಳತೆಯದಾಗಿರಲಿಲ್ಲ. ಕೆನ್ನೆ ಜೋತು ಬಿದ್ದಿತ್ತು, ಕಣ್ಣಿನ ಕೆಳಗೆ ಚೀಲ, ಕತ್ತಿನಲ್ಲಿ ಮಡಿಕೆ. ತೊಡೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟರೆ ಅದು ತಟ್ಟನೆ ವಾಪಸು ಹೋಗುತ್ತಿರಲಿಲ್ಲ, ನಿಧಾನವಾಗಿ ಇಳಿಯುತ್ತಿತ್ತು. ಹಿರಿಯ ನರ್ಸ್ ಜಿನ್ಸಿ ಅವನನ್ನು ನೋಡಿದ ಕೂಡಲೇ ಮಲಯಾಳಂನಲ್ಲಿ ‘ಅಪ್ಪೂಪ್ಪನ್’ ಎಂದಳು, ಅಂದರೆ ಅಜ್ಜ. ಆ ಹೆಸರೇ ನಿಂತಿತು. ಮೂರನೇ ದಿನ ಅವನನ್ನು ವೆಂಟಿಲೇಟರ್ ಮೇಲೆ ಹಾಕಬೇಕಾಯಿತು.

ನಮ್ಮ ಕನ್ಸಲ್ಟೆಂಟ್ ಡಾ. ತಾರಿಕ್ ಈಜಿಪ್ಟಿನವರು. ಇಂಥ ಮಗು ಕಂಡರೆ ಈ ದೇಶದಲ್ಲಿ ಮೊದಲು ಕೇಳುವ ಪ್ರಶ್ನೆಯನ್ನೇ ಅವರೂ ಕೇಳಿದರು: ಗಂಡ ಹೆಂಡತಿ ಕಸಿನ್‌ಗಳೇ? ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳ ನಡುವೆ ಮದುವೆ ಇಲ್ಲಿ ಮಾಮೂಲು. ಅಲ್ಲ ಎಂದರು ವೀರೇಶ್. ಅವರು ಸುಳ್ಳು ಹೇಳಲಿಲ್ಲ.

ಮಧ್ಯಾಹ್ನದ ಭೇಟಿಯ ಹೊತ್ತಿನಲ್ಲಿ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಳಗೆ ತರಲು ಬಿಡುತ್ತಿದ್ದೆವು. ರೇಣುಕಾ ಇಳಕಲ್ಲಿನಲ್ಲಿದ್ದ ತನ್ನ ತಾಯಿ ಶಾಂತವ್ವನಿಗೆ ವಿಡಿಯೋ ಕರೆ ಮಾಡಿದಳು. ಸೀರೆ ನೇಯುವ ಹೆಂಗಸು, ಹಿಂದೆ ಮಗ್ಗದ ಮರ ಕಾಣುತ್ತಿತ್ತು. ಮಗುವಿನ ಮುಖ ಪರದೆಯಲ್ಲಿ ಬಂದದ್ದೇ ತಡ, ಆಕೆ ಎರಡೂ ಕೈ ಎತ್ತಿ ಮುಗಿದಳು.

‘ಅಯ್ಯ ಶಿವನ, ನಮ್ಮಪ್ಪನ ಬಂದಾನ. ಗಲ್ಲ ನೋಡ, ಕಣ್ಣ ನೋಡ. ಸಂಗಪ್ಪಗೌಡನ ಬಂದಾನ.’

ನಾವು ಯಾವುದನ್ನು ಲಕ್ಷಣ ಎಂದು ಆತಂಕದಿಂದ ಬರೆದಿಟ್ಟುಕೊಂಡಿದ್ದೆವೋ ಆ ಮನೆಗೆ ಅದೇ ಹಬ್ಬ. ತೀರಿಕೊಂಡ ಹಿರಿಯ ಮರಳಿ ಬಂದಿದ್ದಾನೆ, ಗುರುತಿಗೆ ಮುಖವನ್ನೇ ತಂದಿದ್ದಾನೆ. ನನಗೆ ಸುಮ್ಮನಿರಲಾಗಲಿಲ್ಲ. ಸತ್ತವರು ಬರುವುದಿಲ್ಲ, ಚರ್ಮ ಹೀಗಿರುವುದು ಕಾಯಿಲೆಯ ಸೂಚನೆ, ಇದೇ ಸಡಿಲ ಒಳಗೆ ಶ್ವಾಸಕೋಶದಲ್ಲೂ ಇರಬಹುದು, ಸಂತೋಷ ಪಡುವ ಹೊತ್ತಲ್ಲ ಎಂದು ವಿವರವಾಗಿ ಹೇಳಿದೆ. ಶಾಂತವ್ವ ಪೂರ್ತಿ ಕೇಳಿಸಿಕೊಂಡಳು.

‘ಡಾಕ್ಟರಮ್ಮ, ನೀವು ನಮ್ಮಪ್ಪನ್ನ ನೋಡೀರೇನು?’

‘ಇಲ್ಲ.’

‘ಮತ್ತ?’

ಜಿನ್ಸಿ ಭಾಷೆ ತಿಳಿಯದಿದ್ದರೂ ನಕ್ಕಳು. ನನ್ನ ಮುಖ ನೋಡಿದ ವೀರೇಶ್ ಸಮಾಧಾನ ಮಾಡಲು ಬಂದರು. ‘ಬ್ಯಾಸರ ಮಾಡ್ಕೋಬ್ಯಾಡ್ರಿ ಮೇಡಂ. ಅಕ್ಕ ಹೇಳೂದೂ ಖರೆ ಐತಿ. ನಮ್ಮಪ್ಪ ಕಡೀಕಡೀಗೆ ಹಿಂಗ ಕಾಣತಿದ್ದ.’

ಅವರು ಅತ್ತೆಯನ್ನು ‘ಅಕ್ಕ’ ಅನ್ನುವುದನ್ನೂ ರೇಣುಕಾ ಗಂಡನನ್ನು ‘ಮಾಮಾ’ ಅನ್ನುವುದನ್ನೂ ನಾನು ಆಗಲೇ ಕೇಳಿದ್ದೆ. ಆ ಕಡೆ ಯಾರನ್ನು ಬೇಕಾದರೂ ಹಾಗೆ ಕರೆಯುತ್ತಾರೆ, ಅದರಿಂದ ಏನೂ ಸಿದ್ಧವಾಗುವುದಿಲ್ಲ. ಆದರೆ ‘ನಮ್ಮಪ್ಪ’ ಹಾಗಲ್ಲ. ಅತ್ತೆ ಸಂಗಪ್ಪಗೌಡನನ್ನು ನಮ್ಮಪ್ಪ ಅಂದಳು, ಅಳಿಯನೂ ಅದೇ ಮನುಷ್ಯನನ್ನು ನಮ್ಮಪ್ಪ ಅಂದ. ಯಾರ ಅಪ್ಪ ಎಂದು ಕೇಳಿದೆ.

‘ಇಬ್ಬರಿಗೂ ಅವನ ಅಪ್ಪರೀ. ಅಕ್ಕ ನಮ್ಮ ಸ್ವಂತ ಅಕ್ಕ. ಈಕಿ ಅಕ್ಕನ ಮಗಳು. ಎತ್ತಿ ಆಡಿಸಿದ್ದ ಕೂಸು, ಈಗ ನನ್ನ ಮ್ಯಾಲೆ ದರ್ಬಾರ್ ಮಾಡತಾಳ.’

ರೇಣುಕಾ ಗಂಡನ ತೋಳಿಗೆ ಒಂದು ಏಟು ಕೊಟ್ಟಳು. ಅವರಿಬ್ಬರೂ ನಗುತ್ತಿದ್ದಾಗ ನನ್ನ ತಲೆಯಲ್ಲಿ ವಂಶವೃಕ್ಷದ ಗೆರೆಗಳು ಕೂಡಿಕೊಂಡವು. ಮತ್ತೆ ಡಾಕ್ಟರು ಕೇಳಿದಾಗ ಅಲ್ಲ ಅಂದಿರಲ್ಲ ಎಂದೆ. ಕಸಿನ್ ಅಂದರೆ ಕಾಕಾನ ಮಗಳು, ತಮ್ಮದು ಸೋದರಮಾವನ ಸಂಬಂಧ, ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ತಮಗೆ ಗೊತ್ತಿಲ್ಲ ಎಂದರು ವೀರೇಶ್. ಇದರಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಅವರು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದರು. ನೈಲ್ ದಂಡೆಯ ವೈದ್ಯರಿಗೆ ಹೊಳೆಯಲಾರದ ಸಂಬಂಧ ಅದು.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳದೆ ಮುಂದೆ ಹೋಗಲಾಗದು. ನಮ್ಮ ದೇಹ ಬರೀ ಜೀವಕೋಶಗಳ ರಾಶಿಯಲ್ಲ. ಕೋಶಗಳ ಹೊರಗೆ, ಅವುಗಳ ನಡುವೆ, ಕೋಶಗಳೇ ನೇಯ್ದುಕೊಂಡ ಪ್ರೋಟೀನುಗಳ ಜಾಲವೊಂದಿದೆ. ಅದಕ್ಕೆ ಎಕ್ಸ್‌ಟ್ರಾಸೆಲ್ಯುಲರ್ ಮೇಟ್ರಿಕ್ಸ್ ಎನ್ನುತ್ತಾರೆ. ಬಹಳ ಕಾಲ ಅದನ್ನು ಗೋಡೆಯ ಗಾರೆಯ ಹಾಗೆ ನೋಡಿದರು, ಇಟ್ಟಿಗೆ ಹಿಡಿದಿಡುವುದಷ್ಟೇ ಅದರ ಕೆಲಸ ಎಂದು. ಶ್ವಾಸಕೋಶದ ವಿಷಯದಲ್ಲಿ ಅದು ಶುದ್ಧ ತಪ್ಪು. ಇಲ್ಲಿ ಮನೆಯ ನಕ್ಷೆಯನ್ನು ಹೇಳಿಕೊಡುವುದೇ ಗಾರೆ. ಎಳೆಯ ಶ್ವಾಸಕೋಶದಲ್ಲಿ ಗಾಳಿಯ ಕೋಣೆಗಳು ದೊಡ್ಡವು, ಲೆಕ್ಕದಲ್ಲಿ ಕಡಿಮೆ. ಅವುಗಳ ಗೋಡೆಯಿಂದ ಸಣ್ಣ ಸಣ್ಣ ಮಡಿಕೆಗಳು ಎದ್ದು ಕೋಣೆಯನ್ನು ಮತ್ತೆ ಮತ್ತೆ ವಿಭಜಿಸಬೇಕು. ಆಲ್ವಿಯೋಲೈ ಎಂಬ ಗಾಳಿಗೂಡುಗಳು ಆಗುವುದು ಹೀಗೆ, ಅವುಗಳಲ್ಲಿ ಬಹುಪಾಲು ಆಗುವುದು ಮಗು ಹುಟ್ಟಿದ ಮೇಲೆ. ಮಡಿಕೆ ಏಳಬೇಕಾದಲ್ಲೆಲ್ಲ ಅದರ ತುದಿಯಲ್ಲಿ ಎಲಾಸ್ಟಿನ್ ಎಂಬ ಎಳೆ ಇರಬೇಕು. ಹಿಗ್ಗಿದ್ದನ್ನು ವಾಪಸು ಎಳೆಯುವ ಪ್ರೋಟೀನ್ ಅದು, ರಬ್ಬರಿನ ಗುಣದ್ದು. ಅದಿಲ್ಲದಿದ್ದರೆ ಗೂಡು ಆಗುವುದಿಲ್ಲ, ಒಳಗೆ ಹೋದ ಗಾಳಿ ಸಲೀಸಾಗಿ ಹೊರಗೆ ಬರುವುದಿಲ್ಲ. ಇನ್ನೊಂದು ಸಂಗತಿ ಉಂಟು. ಮನುಷ್ಯ ಈ ಎಳೆಯನ್ನು ನೇಯುವುದು ಹೆಚ್ಚುಕಡಿಮೆ ಗರ್ಭದಲ್ಲಿ ಮತ್ತು ಎಳವೆಯಲ್ಲಿ ಮಾತ್ರ. ಆಗ ನೇಯ್ದದ್ದೇ ಆಯುಷ್ಯವಿಡೀ ನಡೆಯಬೇಕು.

ಚರ್ಮದ ಚೂರೊಂದನ್ನು ತೆಗೆದು ಬಣ್ಣ ಹಾಕಿ ನೋಡಿದಾಗ ಎಲಾಸ್ಟಿನ್ ಕಂಡಿತು, ಆದರೆ ಎಳೆಯಾಗಿ ಅಲ್ಲ, ಗಂಟು ಗಂಟಾಗಿ. ವಂಶವಾಹಿ ಪರೀಕ್ಷೆಗೆ ರಕ್ತವನ್ನು ಯುರೋಪಿಗೆ ಕಳಿಸಿದೆವು. ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕಿತ್ತು. ಅಷ್ಟರಲ್ಲಿ ಮಗುವನ್ನು ಯಂತ್ರದಿಂದ ಬಿಡಿಸಿದರೆ ಮನೆಗೆ ಕಳಿಸಬಹುದು ಎಂಬ ಆಸೆ ನಮಗೂ ಇತ್ತು. ರೇಣುಕಾ ಪ್ರತಿ ಮಧ್ಯಾಹ್ನ ಅದೊಂದನ್ನೇ ಕೇಳುತ್ತಿದ್ದಳು: ಪೈಪ್ ಯಾವಾಗ ತೆಗೆಯುತ್ತೀರಿ? ಎರಡು ಸಲ ತೆಗೆದೆವು. ಎರಡು ಸಲವೂ ಅವನ ತುಟಿ ನೀಲಿಯಾಗಿ, ಸಂಜೆಯೊಳಗೆ ವಾಪಸು ಹಾಕಿದೆವು.

ಸಮಸ್ಯೆ ಯಂತ್ರದಲ್ಲೇ ಇತ್ತು. ಉಸಿರು ಹೊರಗೆ ಹೋದ ಮೇಲೂ ಶ್ವಾಸಕೋಶ ಪೂರ್ತಿ ಮುಚ್ಚಿಕೊಳ್ಳದಂತೆ ಒಂದಿಷ್ಟು ಒತ್ತಡ ಉಳಿಸುತ್ತೇವೆ, ಅದಕ್ಕೆ ಪೀಪ್ ಎನ್ನುತ್ತೇವೆ. ಇವನಲ್ಲಿ ಪೀಪ್ ಇಳಿಸಿದರೆ ಸಡಿಲ ಶ್ವಾಸನಾಳಗಳು ಕುಸಿದು ಅಂಟಿಕೊಳ್ಳುತ್ತಿದ್ದವು. ಏರಿಸಿದರೆ ಮೇಲಿನ ಭಾಗ ಬಲೂನಿನಂತೆ ಉಬ್ಬಿ ಹಾಗೇ ನಿಲ್ಲುತ್ತಿತ್ತು. ಒಂದೇ ಎಕ್ಸ್‌ರೇಯಲ್ಲಿ ಗಾಳಿ ಉಬ್ಬಿದ ಕಡೆ ಕಡು ಕಪ್ಪು, ಕುಸಿದ ಕಡೆ ಬಿಳಿ. ಯಂತ್ರವಿಲ್ಲದೆ ಅವನು ಉಳಿಯುತ್ತಿರಲಿಲ್ಲ, ಯಂತ್ರ ಅವನನ್ನು ದಿನವೂ ಇಷ್ಟಿಷ್ಟು ಹಿಗ್ಗಿಸಿ ಕೆಡಿಸುತ್ತಿತ್ತು.

ವೀರೇಶ್ ಕಂಪ್ರೆಸರುಗಳ ಒತ್ತಡದ ಲೆಕ್ಕದಲ್ಲಿ ಬದುಕುವ ಮನುಷ್ಯ. ನನ್ನ ಜೊತೆ ದಿನವೂ ವಾದಕ್ಕೆ ನಿಲ್ಲುತ್ತಿದ್ದರು. ಒತ್ತಡ ಕಡಿಮೆ ಮಾಡಿ ವೇಗ ಹೆಚ್ಚಿಸಿ ಎನ್ನುತ್ತಿದ್ದರು. ಹಾಗೆ ಮಾಡಿದರೆ ಹೊರಗೆ ಬರಲು ಸಮಯ ಸಿಗದ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ ಎಂದು ನಾನು. ಬೆಂಗಳೂರಿಗೆ ಒಯ್ಯುತ್ತೇನೆ ಎನ್ನುತ್ತಿದ್ದರು. ವಿಮಾನದ ಎತ್ತರದಲ್ಲಿ ಉಬ್ಬಿದ ಭಾಗ ಒಡೆದೀತು ಎಂದು ನಾನು. ಜರ್ಮನಿಯಲ್ಲಿ ಔಷಧ ಇದ್ದೀತು. ಇಲ್ಲ, ಎಲ್ಲೂ ಇಲ್ಲ, ನಾನು ಓದಿದ್ದೇನೆ. ಶ್ವಾಸಕೋಶವನ್ನೇ ಬದಲಿಸಿ. ಇಷ್ಟು ಚಿಕ್ಕ ಮಗುವಿಗೆ, ಮೈಯೆಲ್ಲ ಇದೇ ದೋಷ ಇರುವಾಗ, ಯಾರೂ ಮುಂದೆ ಬರುವುದಿಲ್ಲ. ಅವರು ಒಂದೊಂದು ಬಾಗಿಲು ತಟ್ಟುವುದು, ನಾನು ಅದು ಯಾಕೆ ತೆರೆಯುವುದಿಲ್ಲ ಎಂದು ಸಾಧಿಸುವುದು. ಒಂದು ದಿನ ಅವರು ಕೈಚೆಲ್ಲಿದರು.

‘ಖಲಾಸ್, ಮೇಡಂ. ನೀವ ಗೆದ್ರಿ. ಈಗ ಹೇಳ್ರಿ, ಗೆದ್ದು ಏನ ಮಾಡೂನು?’

ಜಿನ್ಸಿ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. ‘ಡೋಂಟ್ ಫೈಟ್ ಹಿಯರ್, ಡಾಕ್ಟರ್. ಅಪ್ಪೂಪ್ಪನ್ ಈಸ್ ಲಿಸನಿಂಗ್.’

ನನ್ನ ವಾದದಿಂದ ಉಪಯೋಗವಾದದ್ದು ಒಂದೇ ಸಲ. ಬಸುರಿಯಾಗಿದ್ದಾಗ ಧೂಳಿನ ಗಾಳಿ ಎದ್ದಿತ್ತು, ಬಾಲ್ಕನಿಯಲ್ಲಿ ಬಟ್ಟೆ ತೆಗೆಯಲು ಹೋಗಿದ್ದೆ, ಆ ಧೂಳು ಕುಡಿದದ್ದಕ್ಕೇ ಹೀಗಾಯಿತೇನೋ ಎಂದು ರೇಣುಕಾ ಕೊರಗುತ್ತಿದ್ದಳು. ತಾಯಿ ಉಸಿರಾಡಿದ ಧೂಳು ಮಗುವಿನ ಶ್ವಾಸಕೋಶಕ್ಕೆ ಹೋಗುವುದಿಲ್ಲ, ಗರ್ಭದಲ್ಲಿ ಮಗು ಗಾಳಿಯನ್ನೇ ಎಳೆದುಕೊಳ್ಳುವುದಿಲ್ಲ ಎಂದು ಚಿತ್ರ ಬರೆದು ತೋರಿಸಿದೆ. ಅವಳು ನಂಬಿದಳು. ಆ ದಿನ ಅವಳು ಕ್ಯಾಂಟೀನಿಗೆ ಹೋಗಿ ಊಟ ಮಾಡಿ ಬಂದಳು ಎಂದು ಜಿನ್ಸಿ ಹೇಳಿದಳು.

ಫಲಿತಾಂಶ ಬಂದಾಗ ಮಗುವಿಗೆ ಎರಡು ತಿಂಗಳಾಗಿತ್ತು. ಎಲ್‌ಟಿಬಿಪಿ4 ಎಂಬ ಜೀನ್‌ನಲ್ಲಿ ದೋಷ, ತಂದೆಯಿಂದ ಬಂದ ಪ್ರತಿಯಲ್ಲೂ ತಾಯಿಯಿಂದ ಬಂದ ಪ್ರತಿಯಲ್ಲೂ ಒಂದೇ ದೋಷ. ಡಾ. ತಾರಿಕ್ ಕುಟುಂಬವನ್ನು ಚಿಕ್ಕ ಕೋಣೆಯಲ್ಲಿ ಕೂರಿಸಿದರು, ಶಾಂತವ್ವ ಫೋನಿನಲ್ಲಿದ್ದಳು. ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಹೇಗೆ ಹೇಳಲಿ ಎಂದು ಹಿಂದಿನ ದಿನವೇ ಯೋಚಿಸಿದ್ದೆ. ನೇಕಾರರ ಮನೆ, ನೇಯ್ಗೆಯ ಮಾತಿನಲ್ಲೇ ಹೇಳಿದರೆ ತಕ್ಷಣ ತಿಳಿಯುತ್ತದೆ ಎಂದುಕೊಂಡೆ. ಮಗುವಿನ ಮೈಯಲ್ಲಿ ಹಾಸಿನ ಎಳೆ ಇದೆ, ಅದನ್ನು ಮೈಕ್ರೋಫೈಬ್ರಿಲ್ ಎನ್ನುತ್ತಾರೆ. ಹೊಕ್ಕಿನ ಎಳೆಯೂ ಇದೆ, ಅದೇ ಎಲಾಸ್ಟಿನ್. ಎರಡನ್ನೂ ಒಂದಕ್ಕೊಂದು ಕೂಡಿಸುವ ಇನ್ನೊಂದು ಪ್ರೋಟೀನ್ ಬೇಕು. ಇವನಲ್ಲಿ ಅದು ಕೆಲಸ ಮಾಡುವುದಿಲ್ಲ. ನೂಲೆಲ್ಲ ಇದೆ, ಬಟ್ಟೆ ಆಗುತ್ತಿಲ್ಲ.

ಉದಾಹರಣೆ ಚೆನ್ನಾಗಿತ್ತು. ಸ್ಪರ್ಧೆಯಾಗಿದ್ದರೆ ಅಂಕ ಬರುತ್ತಿತ್ತು. ರೇಣುಕಾ ತಲೆಯೆತ್ತಿ, ಕೊಂಡಿ ಇಲ್ಲ ಅನ್ನಿ ಎಂದಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಿದ ಮೇಲೆಯೇ ಸೆರಗು ನೇಯುವುದು. ಹುಡುಗಿಯಾಗಿದ್ದಾಗ ಮನೆಯಲ್ಲಿ ಅದು ಅವಳ ಕೆಲಸವಾಗಿತ್ತಂತೆ. ಹೌದು, ಅದೇ ಎಂದೆ, ಅವಳಿಗೆ ಅರ್ಥವಾಯಿತಲ್ಲ ಎಂಬ ಹುರುಪಿನಲ್ಲಿ.

‘ಹಂಗಾರ ಈಗ ಹಾಕಾಕ ಬರೂದಿಲ್ರಿ,’ ಎಂದಳು ಅವಳು. ‘ನೇಯ್ದ ಮ್ಯಾಲೆ ಕೊಂಡಿ ಹಾಕಾಕ ಬರೂದಿಲ್ಲ.’

ಅಷ್ಟು ದಿನ ನಾನು ಗಂಡನಿಗೆ ನೂರು ರೀತಿಯಲ್ಲಿ ಹೇಳಿದರೂ ಆಗದಿದ್ದದ್ದು ಅಲ್ಲಿ ಆಯಿತು. ಪೈಪ್ ಯಾವಾಗ ತೆಗೆಯುತ್ತೀರಿ ಎಂದು ಅವಳು ಆಮೇಲೆ ಕೇಳಲಿಲ್ಲ.

ಉಳಿದ ಭಾಗವನ್ನೂ ಹೇಳಬೇಕಿತ್ತು. ಈ ದೋಷದ ಒಂದು ಪ್ರತಿ ಇದ್ದವರಿಗೆ ಏನೂ ಆಗುವುದಿಲ್ಲ. ಹಿಂದೆ ಆ ಮನೆಯ ಒಬ್ಬರಲ್ಲಿ ಅದು ಇತ್ತು, ಅಲ್ಲಿಂದ ಮಗಳು ಶಾಂತವ್ವನಿಗೂ ಮಗ ವೀರೇಶನಿಗೂ ಹೋಯಿತು, ಶಾಂತವ್ವನಿಂದ ರೇಣುಕಾಗೆ. ಎರಡು ದಾರಿಯಲ್ಲಿ ಹೋದ ಒಂದೇ ದೋಷ ಈ ಮಗುವಿನಲ್ಲಿ ಸೇರಿತು. ಫೋನಿನಲ್ಲಿ ಶಾಂತವ್ವ ಕೆಮ್ಮಿದಳು.

‘ಅಂದ್ರ ನಾ ಹೇಳಿದ್ದ ಖರೆ ಆತಲ್ರಿ, ಡಾಕ್ಟರಮ್ಮ. ನಮ್ಮಪ್ಪನ ಬಂದಾನ.’

ಗೆದ್ದ ದನಿಯಲ್ಲ ಅದು. ತಮ್ಮನಿಗೇ ಮಗಳನ್ನು ಕೊಡಬೇಕೆಂದು ಹಟ ಹಿಡಿದವಳು ತಾನೇ ಎಂದು ಆಮೇಲೆ ಅವಳೇ ಹೇಳಿದಳು, ಮಗಳು ಪರರ ಮನೆಯಲ್ಲಿ ಕಷ್ಟಪಡಬಾರದೆಂದು. ನಾನಾದರೋ ಅಲ್ಲಿ ಕೂತು, ಅದು ನಿಮ್ಮ ತಾಯಿಯಿಂದಲೂ ಬಂದಿರಬಹುದು, ಅಪ್ಪನಿಂದಲೇ ಎಂದು ಹೇಳಲು ಆಧಾರವಿಲ್ಲ ಎಂದೆ. ಮಾತು ಸರಿಯಾದದ್ದೇ. ಈಗಲೂ ಆ ವಾಕ್ಯದಲ್ಲಿ ದೋಷವಿದೆ ಎಂದು ಒಪ್ಪುವುದಿಲ್ಲ. ಡಾ. ತಾರಿಕ್‌ಗೆ ಕನ್ನಡ ಬಾರದು, ನನ್ನ ದನಿ ಮಾತ್ರ ಬರುತ್ತದೆ. ಹೊರಗೆ ಬಂದ ಮೇಲೆ ಅರಬ್ಬಿ ಬೆರೆತ ಇಂಗ್ಲಿಷಿನಲ್ಲಿ ಕೇಳಿದರು.

‘ಯು ವೇರ್ ವಿನ್ನಿಂಗ್ ಸಮ್‌ಥಿಂಗ್, ಯಾ ದಕ್ತೂರಾ. ಅಗೇನ್ಸ್ಟ್ ಹೂಮ್?’



ಮುಂದಿನ ವಾರ ಮಗುವಿನ ಬಲ ಶ್ವಾಸಕೋಶ ಒಡೆಯಿತು. ಉಬ್ಬಿದ ಭಾಗ ಹರಿದು ಗಾಳಿ ಎದೆಗೂಡಿಗೆ ಸೋರುವುದನ್ನು ನ್ಯುಮೋಥೊರಾಕ್ಸ್ ಎನ್ನುತ್ತೇವೆ. ಪಕ್ಕೆಯಲ್ಲಿ ಕೊಳವೆ ಹಾಕಿ ಗಾಳಿ ತೆಗೆದೆವು. ಆಮೇಲೆ ಎಡಗಡೆಯದೂ ಒಡೆಯಿತು, ಅಲ್ಲೂ ಹಾಕಿದೆವು. ಮತ್ತೆ ಒಡೆದರೆ ಇನ್ನೊಂದು ಕೊಳವೆ ಹಾಕಬೇಕೋ, ಹೃದಯ ನಿಂತರೆ ಎದೆ ಒತ್ತಬೇಕೋ ಎಂದು ತಂದೆ ತಾಯಿಯನ್ನು ಕೇಳುವ ಹಂತ ಬಂತು. ಮಧ್ಯಾಹ್ನದ ಭೇಟಿಯ ಹೊತ್ತಿನಲ್ಲೇ ಕೇಳಿದೆ. ವೀರೇಶ್ ಗೋಡೆಗೆ ಒರಗಿ ನಿಂತರು. ರೇಣುಕಾಳ ಕೈಯಲ್ಲಿದ್ದ ಫೋನಿನಿಂದ ಶಾಂತವ್ವ ಮಾತಾಡಿದಳು.

‘ಬಿಡವ್ವ, ರೇಣಿ. ಅವಗ ವಯಸ್ಸಾಗೇತಿ. ಎಷ್ಟಂತ ಹಿಡದಿಡತಿ.’

ಆಕೆ ಸಮಾಧಾನಕ್ಕೆ ಹೇಳಿದ್ದು. ಸಂಗಪ್ಪಗೌಡ ಎಂದಾದರೆ ತುಂಬು ಬದುಕು ಬಾಳಿದವನು, ನೋಡಿಕೊಂಡು ಹೋಗಲು ಬಂದವನು, ಹೋಗಲಿ. ಆ ನಂಬಿಕೆಯೊಳಗೆ ಎಲ್ಲರಿಗೂ ಒಂದಿಷ್ಟು ಜಾಗವಿತ್ತು, ನಮಗೂ ಕೂಡ. ರೇಣುಕಾ ಒಪ್ಪಿಬಿಟ್ಟರೆ ನಮ್ಮ ಕೆಲಸ ಸುಲಭವಾಗುತ್ತಿತ್ತು ಎಂದು ನಾನು ಯೋಚಿಸಿದ್ದೂ ನಿಜ.

ರೇಣುಕಾ ಫೋನನ್ನು ಮುಖದ ಹತ್ತಿರ ತಂದಳು. ದನಿ ಏರಿಸಲಿಲ್ಲ.

‘ಯವ್ವಾ, ಅಂವ ನಿಮ್ಮಪ್ಪ ಅಲ್ಲ. ನನ್ನ ಮಗ. ಅವಗಿನ್ನೂ ಮೂರು ತಿಂಗಳ ಆಗಿಲ್ಲ.’

ಮೊದಲ ದಿನದಿಂದ ನಾನು ಸಾಧಿಸಲು ಹೊರಟಿದ್ದ ವಾದ ಅದೇ. ಅದಕ್ಕಿಂತ ಚೊಕ್ಕಟವಾಗಿ ಅದನ್ನು ಹೇಳಲು ನನಗೆ ಆಗುತ್ತಿರಲಿಲ್ಲ. ಅದನ್ನು ಕೇಳಿ ಮಾನಿಟರಿನ ಒಂದು ಅಂಕೆಯೂ ಬದಲಾಗಲಿಲ್ಲ. ಆ ಕಡೆ ಶಾಂತವ್ವ ಫೋನನ್ನು ಕೆಳಗಿಟ್ಟಿರಬೇಕು, ಪರದೆಯಲ್ಲಿ ಮಗ್ಗದ ಮರ ಮತ್ತು ಮೇಲಿನ ಜಂತಿ ಮಾತ್ರ ಕಾಣುತ್ತಿತ್ತು. ಅಲ್ಲಿಂದಲೇ ದನಿ ಬಂತು: ‘ಹೌದವ್ವ. ನಿನ್ನ ಮಗ.’

ರೇಣುಕಾ ನನ್ನ ಕಡೆ ತಿರುಗಿ ನೀವೇನು ಹೇಳುತ್ತೀರಿ ಎಂದು ಕೇಳಿದಳು. ಪರ, ವಿರೋಧ ಎರಡೂ ನನಗೆ ಬಾಯಿಪಾಠ ಇದ್ದವು. ಕೊಳವೆ ಹಾಕಿದರೆ ಇನ್ನೊಂದೆರಡು ದಿನ, ಹಾಕದಿದ್ದರೆ ಅದಕ್ಕಿಂತ ಕಡಿಮೆ, ಎರಡರಲ್ಲೂ ಅವನು ಮನೆಗೆ ಬರುವುದಿಲ್ಲ. ಇಷ್ಟನ್ನು ಹೇಳಿದೆ. ಮುಂದಿನದು ನನಗೆ ಗೊತ್ತಿಲ್ಲ ಎಂದೆ. ಅವಳು ಮಗುವಿನ ಪಾದ ಹಿಡಿದುಕೊಂಡಳು. ಬೇಡ, ಇನ್ನು ತೂತು ಹಾಕಬೇಡಿ, ನನ್ನ ತೊಡೆಯ ಮೇಲೆ ಕೊಡಿ ಎಂದಳು. ಮೂರು ಜನ ಸೇರಿ ಪೈಪುಗಳನ್ನು ಎತ್ತಿ ಹಿಡಿದು ಮಗುವನ್ನು ಅವಳ ಮಡಿಲಿಗೆ ಇಟ್ಟೆವು. ಮರುದಿನ ಬೆಳಿಗ್ಗೆ ಅವನು ಅಲ್ಲೇ ಹೋದ. ಅಲಾರಂ ನಿಲ್ಲಿಸುವುದು ಬಿಟ್ಟರೆ ನನಗೆ ಅಲ್ಲಿ ಬೇರೆ ಕೆಲಸ ಇರಲಿಲ್ಲ. ನಿಲ್ಲಿಸಿದೆ.

ಕೆಲವು ತಿಂಗಳ ಮೇಲೆ ಗಂಡ ಹೆಂಡತಿ ಮುಂದಿನ ಬಸಿರಿನ ವಿಷಯ ಕೇಳಲು ಬಂದರು. ಪ್ರತಿ ಸಲವೂ ನಾಲ್ಕರಲ್ಲಿ ಒಂದು ಪಾಲು ಅಪಾಯ, ಗರ್ಭದಲ್ಲೇ ಮೊದಲು ಪರೀಕ್ಷೆ ಮಾಡಿಸಬಹುದು ಎಂದು ತಿಳಿಸಿದೆ. ರೇಣುಕಾ ಬೆರಳು ಮಡಿಚಿ ನೋಡಿದಳು.

‘ನಾಲ್ಕರಾಗ ಒಂದು ಅಂದ್ರ, ಉಳದ ಮೂರು ಎಲ್ಲಿ ಅದಾವ್ರಿ?’

ಸಂಭವನೀಯತೆಗೆ ನೆನಪಿಲ್ಲ, ಹಿಂದಿನದು ಮುಂದಿನದನ್ನು ನಿರ್ಧರಿಸುವುದಿಲ್ಲ ಎಂಬ ಉತ್ತರ ನಾಲಿಗೆಯ ತುದಿಗೆ ಬಂತು. ಆ ಉತ್ತರ ಸರಿ. ಅದನ್ನು ಅವತ್ತು ಹೇಳಲಿಲ್ಲ, ಮುಂದಿನ ಭೇಟಿಯಲ್ಲಿ ಹೇಳಿದೆ.

ಸತ್ತವರು ಮರಳಿ ಬರುತ್ತಾರೆಂದು ನಾನು ಈಗಲೂ ಒಪ್ಪುವುದಿಲ್ಲ, ಯಾರಾದರೂ ಹೇಳಿದರೆ ವಾದಿಸುತ್ತೇನೆ. ಬದಲಾದದ್ದು ನನ್ನ ಮೊದಲ ಪ್ರಶ್ನೆ. ಹೊಸ ಮಗು ಬಂದಾಗ ನೀವಿಬ್ಬರೂ ಕಸಿನ್‌ಗಳೇ ಎಂದು ಈಗ ಶುರು ಮಾಡುವುದಿಲ್ಲ. ಇವನು ಯಾರ ಹಾಗಿದ್ದಾನೆ ಎಂದು ಕೇಳುತ್ತೇನೆ. ಎಲ್ಲ ಭಾಷೆಯ ತಾಯಂದಿರೂ ಇದಕ್ಕೆ ತಡಮಾಡದೆ ಉತ್ತರ ಕೊಡುತ್ತಾರೆ. ಹೆಚ್ಚಿನವರು ನಗುತ್ತಾ ಮಾವನ ಮೂಗು, ಅತ್ತೆಯ ಹಣೆ ಎಂದು ಹೇಳುತ್ತಾರೆ, ಸುತ್ತಲಿನವರು ಅಲ್ಲ ಎನ್ನುತ್ತಾರೆ, ಜಗಳವಾಗುತ್ತದೆ. ಯಾರು ಯಾರಿಗೆ ಏನಾಗಬೇಕು ಎಂಬುದು ಆ ಜಗಳದಲ್ಲಿ ತಾನಾಗಿ ಹೊರಬರುತ್ತದೆ. ಈ ಪ್ರಶ್ನೆಯಿಂದ ಕಾರಣ ಬೇಗ ತಿಳಿಯುತ್ತದೆ, ಅಷ್ಟೇ. ಕಾರಣ ತಿಳಿದ ಮಾತ್ರಕ್ಕೆ ಅಪ್ಪೂಪ್ಪನಂಥ ಮಗು ಇನ್ನೂ ಒಂದೂ ಉಳಿದಿಲ್ಲ. ಆದರೂ ಕೇಳುತ್ತೇನೆ, ಉತ್ತರ ಮುಗಿಯುವವರೆಗೆ ಪ್ರತಿವಾದ ಹೂಡದೆ ನಿಂತಿರುತ್ತೇನೆ.